ಹುಲಿ-ಕುರಿ ಆಟದ ಆರಂಭಘಟ್ಟ: ಬಲಿಷ್ಠ ಪ್ರತಿಪಕ್ಷದೆದುರು ದುರ್ಬಲರ ವ್ಯೂಹರಚನೆ

ಆಟಗಳ ಇತಿಹಾಸವೆಂದೊಡನೆ ನಮ್ಮ ವಿದ್ವಾಂಸರ ದೃಷ್ಟಿ ಮೊದಲು ಅರಮನೆಯ ಕಡೆಗೆ ಹೊರಳುವುದು ವಾಡಿಕೆಯಾಗಿದೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ದಾಳಗಳ ಆಟ, ಕವಡೆಯಾಟ ಮೊದಲಾದವುಗಳ ವಿವರಣೆ ಶಾಸ್ತ್ರೀಯವಾಗಿ ಬಂದಿದೆ. ಏಳು ಶತಮಾನಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯ ನಡೆಯನ್ನು ಕುರಿತು ರಚಿಸಿದ ಬಂಧಗಳು ಪ್ರಸಿದ್ಧವಾಗಿವೆ. ಗ್ರಂಥವಿರುವಲ್ಲಿ ಇತಿಹಾಸಕಾರನಿಗೆ ಕಾಲೂರಲು ನೆಲ ಸಿಕ್ಕುತ್ತದೆ. ಗ್ರಂಥವಿಲ್ಲದ ಆಟವನ್ನು ಜಾನಪದದವರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಾಗುತ್ತೇವೆ. ಧಾರವಾಡ ಜಿಲ್ಲೆಯ ಹಳ್ಳಿಗಳ ಹುಲಿ-ಕುರಿ ಆಟಕ್ಕೆ ಆಗಿರುವುದು ಇದೇ ಗತಿ.

ಪ್ರಸ್ತುತ ಲೇಖನದಲ್ಲಿ ಈ ಆಟದ ಒಂದು ಭಾಗವನ್ನು ಮಾತ್ರ, ಎಂದರೆ ಕುರಿಗಳನ್ನು ಪಟದ ಮೇಲೆ ಒಂದೊಂದಾಗಿ ಇಡುವ ಆರಂಭಘಟ್ಟವನ್ನು ಮಾತ್ರ, ಪರಿಶೀಲಿಸಲು ಪ್ರಯತ್ನಿಸಿದ್ದೇವೆ. ಬಲದಲ್ಲಿ ತನಗಿಂತ ಮೇಲಾದ ಪ್ರತಿಪಕ್ಷದೆದುರು ದುರ್ಬಲನಾದವನು ಮೊದಲ ಹೆಜ್ಜೆಗಳನ್ನು ಹೇಗೆ ಇಡಬೇಕೆಂಬ ಪ್ರಶ್ನೆ ಈ ಘಟ್ಟದಲ್ಲಿ ಅಡಗಿದೆ. ಇದೇ ಪ್ರಶ್ನೆಯನ್ನು ಇಂದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಬೇರೊಂದು ರೂಪದಲ್ಲಿ, ಗಣಕಯಂತ್ರದ ಮುಂದೆ ಕುಳಿತು ಎದುರಿಸುತ್ತಿರುವರಾದ ಕಾರಣ, ವಿಷಯವು ಕೇವಲ ಪುರಾತನವಾದುದೆಂದು ಯಾರೂ ಭಾವಿಸಬೇಕಾಗಿಲ್ಲ.

ಮೊದಲು ಪಟದ ಸ್ವರೂಪವನ್ನು ಅರಿತುಕೊಳ್ಳುವುದು ಅವಶ್ಯ. ಹುಲಿ ಹಾಗೂ ಕುರಿಗಳ ಸಂಖ್ಯೆಯಲ್ಲಿ ಊರಿಂದೂರಿಗೆ ವ್ಯತ್ಯಾಸವುಂಟು. ದಕ್ಷಿಣ ಭಾರತದಲ್ಲಿ ಬಹುವಾಗಿ ರೂಢಿಯಲ್ಲಿರುವ ಬಗೆಯನ್ನೇ ನಾವು ಇಲ್ಲಿ ಆಧಾರವಾಗಿ ಇಟ್ಟುಕೊಂಡಿದ್ದೇವೆ. ತಮಿಳರು ಆಡು ಪುಲಿ ಆಟ್ಟಂ ಎಂದೂ ತೆಲುಗರು ಪುಲಿ ಜೂದಂ ಎಂದೂ ಕರೆಯುವುದು ಇದನ್ನೇ. ಒಂದು ತ್ರಿಕೋಣ; ಅದರ ಶಿಖರದಿಂದ ತಳಕ್ಕೆ ಇಳಿಯುವ ನಾಲ್ಕು ಗೆರೆಗಳು, ಅವುಗಳಲ್ಲಿ ಎರಡು ತ್ರಿಕೋಣದ ಭುಜಗಳೇ ಆಗಿರುತ್ತವೆ. ಇವುಗಳನ್ನು ಕತ್ತರಿಸಿ ಹಾಯುವ ಮೂರು ಅಡ್ಡಗೆರೆಗಳು ತ್ರಿಕೋಣದ ಆಚೆಗೂ ಚಾಚಿಕೊಂಡಿದ್ದು, ಅವುಗಳ ತುದಿಗಳನ್ನು ಎಡಬಲಗಳಲ್ಲಿ ಒಂದೊಂದು ಪಕ್ಕಗೆರೆ ಕೂಡಿಸುತ್ತದೆ. ಹೀಗೆ ಶಿಖರದಲ್ಲಿ 1, ಮೂರು ಅಡ್ಡಗೆರೆಗಳಲ್ಲಿ ಆರಾರರಂತೆ 18, ತಳದಲ್ಲಿ 4, ಒಟ್ಟು 23 ಮನೆಗಳಾಗುತ್ತವೆ. ಹುಲಿಗಳು 3, ಕುರಿಗಳು 15. ಹುಲಿಗಳು ಆಟದ ಆದಿಯಲ್ಲಿಯೇ ಶಿಖರದಲ್ಲಿಯೂ ಮೊದಲನೆಯ ಅಡ್ಡಗೆರೆಯ ನಡುವಿನ ಎರಡು ಮನೆಗಳಲ್ಲಿಯೂ ಕುಳಿತಿರುತ್ತವೆ. ಕುರಿಯವನು ಒಂದು ಕುರಿಯನ್ನು ಇಟ್ಟೊಡನೆ ಹುಲಿಯವನು ಒಂದು ಹುಲಿಯನ್ನು ನಡೆಸುತ್ತಾನೆ. ನೆರೆಮನೆಯ ಕುರಿಯನ್ನು ಹಾರಿ, ಅದೇ ಗೆರೆಯಲ್ಲಿ ಆಚೆಯ ಮನೆ ಬರಿದಾಗಿದ್ದರೆ ಅಲ್ಲಿ ಇಳಿದು, ಹುಲಿ ಕುರಿಯನ್ನು ತಿನ್ನಬಹುದು. ಹದಿನೈದು ಕುರಿಗಳನ್ನೂ ಇಟ್ಟು ಮುಗಿಯುವತನಕ ಕುರಿಗಳಿಗೆ ನಡೆಯುವ ಅಧಿಕಾರವಿಲ್ಲ. ಮೂರು ಹುಲಿಗಳೂ ಅಲುಗಾಡದಂತೆ ಕಟ್ಟಿಹಾಕಿದರೆ ಕುರಿಯವನು ಗೆದ್ದಂತೆ.

ಈ ಆಟಕ್ಕೆ ಬೇಕಾದ ಸಾಮಗ್ರಿ ಯಾವುದೂ ಕೊಂಡು ತರುವಂಥದಲ್ಲ. ಗುಡಿಯ ಹಾಸುಗಲ್ಲು, ಅಗಸಿಯ ಕಟ್ಟೆ, ಚಾವಡಿಯ ಜಗುಲಿ ಇವು ಪಟಗಳಾಗುತ್ತವೆ. ಹರಳು, ಹುಣಸೆಯ ಬೀಜ, ಒಡೆದ ಬಳೆಯ ಚೂರು ಇವು ಕಾಯಿಗಳಾಗುತ್ತವೆ. ಕಲ್ಲು ಅಪೂರ್ವವಾದ ನವಲಗುಂದದ ಎರೆಭೂಮಿಯಲ್ಲಿ ನೆಲದ ಮೇಲೆಯೇ ಗೆರೆ ಎಳೆದುಕೊಳ್ಳುವುದುಂಟು. ನವಲಗುಂದದ ಜಮಖಾನೆಗಳಲ್ಲಿ ಪಗಡೆಯ ಪಟವನ್ನೇ ನೇಯ್ದ ‘ಪಗಡಿ ಹಾಸು’ ಎಂಬ ಒಂದು ಬಗೆಯಿರುವುದನ್ನು ಓದುಗರು ಬಲ್ಲರು. ಆ ಗೌರವ ಪಗಡೆಗೆ ಸಂದಿತು. ಹುಲಿ-ಕುರಿಗೆ ಸಂದಂತೆ ಕಾಣುವುದಿಲ್ಲ. ಇನ್ನೊಂದು ಮಾತು. ಕಲಘಟಗಿಯ ಕಡೆ ಮಲೆನಾಡಿನ ಸೆರಗು ಹಬ್ಬಿರುವುದರಿಂದ ಹುಲಿಯ ಹೆಸರು ಅಲ್ಲಿಗೆ ಒಪ್ಪುತ್ತದೆ. ಆದರೆ ಗಿಡಮರಗಳಿಲ್ಲದ ನವಲಗುಂದ-ಅಣ್ಣಿಗೇರಿಗಳ ಬಯಲಿನಲ್ಲಿ, ರೈತರ ಹೊಲಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಡುವ ಕುರುಬನಿಗೆ ಭಯವಿದ್ದುದು ತೋಳದ್ದು. ಆದಾಗ್ಯೂ ಪಟದ ಮೇಲೆ ತೋಳ ಬರಲಿಲ್ಲ, ಹುಲಿಯೇ ಉಳಿಯಿತು. ಆಟದ ಹೆಸರುಗಳು ಪ್ರದೇಶದ ಅನುಭವದಿಂದಲೇ ಹುಟ್ಟುತ್ತವೆಂಬ ವಾದವನ್ನು ಒಪ್ಪುವವರು ಇದಕ್ಕೆ ಸಮಾಧಾನ ಹೇಳಬೇಕಾಗುತ್ತದೆ.

ಇನ್ನು ಕಾಲನಿರ್ಣಯದ ಪ್ರಶ್ನೆ. ಹಂಪೆ ಮೊದಲಾದೆಡೆಗಳಲ್ಲಿ ಕಲ್ಲಿನ ಮೇಲೆ ಕೊರೆದ ಆಟದ ಪಟಗಳು ವಿಪುಲವಾಗಿ ದೊರೆತಿವೆ. ಆದರೆ ಗುಡಿಯ ಕಾಲವೇ ಪಟದ ಕಾಲವೆಂದು ಹೇಳುವುದು ಸರಿಯಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಹನ್ನೊಂದನೆಯ ಶತಮಾನದ್ದು. ಅಂಥ ಒಂದು ಗುಡಿಯ ನೆಲದಲ್ಲಿ ನಾಳೆ ಒಬ್ಬ ಹುಡುಗ ಮೊಳೆಯಿಂದ ಪಟ ಕೊರೆದರೆ ಅದು ಚಾಲುಕ್ಯರ ಕಾಲದ್ದಾಗುವುದೆ? ಪಟದ ಮೇಲೆ ಗೋಡೆ ಅಥವಾ ಕಂಬದ ಪೀಠ ಹಾಯ್ದುಹೋಗಿದ್ದರೆ, ಪಟವು ಆ ಗೋಡೆಗಿಂತ ಹಳೆಯದೆಂದು ಖಂಡಿತವಾಗಿ ಹೇಳಬಹುದು. ಪಟವುಳ್ಳ ಕಲ್ಲು ಗೋಡೆಯಲ್ಲಿ ನಿಲುವಾಗಿ ಕುಳಿತಿದ್ದರೆ, ಅದು ಬೇರೆಡೆಯಿಂದ ತಂದು ಕೂಡಿಸಿದ ಕಲ್ಲೆಂದು ಊಹಿಸಬಹುದು. ನಿಲುವುಗಲ್ಲಿನ ಮೇಲೆ ಯಾರೂ ಹರಳಿಟ್ಟು ಆಡಲಾರರಷ್ಟೆ. ಇವೆರಡನ್ನು ಬಿಟ್ಟರೆ ಉಳಿದ ಪಟಗಳ ಕಾಲವನ್ನು ಕುರಿತು ಮೌನವೇ ಲೇಸು.

ಈಗ ಮುಖ್ಯ ವಿಷಯಕ್ಕೆ ಬರೋಣ. ಯುರೋಪಿನಲ್ಲಿಯೂ ಇದನ್ನು ಹೋಲುವ ಆಟವೊಂದಿದೆ. ಅಲ್ಲಿ ಒಂದು ನರಿಯೆದುರು ಹೆಬ್ಬಾತುಗಳ ಹಿಂಡಿರುತ್ತದೆ. ಆದರೆ ಆ ಹೆಬ್ಬಾತುಗಳು ಆಟ ಮೊದಲಾಗುವುದಕ್ಕೆ ಮುಂಚೆಯೇ ಸಾಲುಗಟ್ಟಿ ನಿಂತಿರುತ್ತವೆ. ನಮ್ಮ ಆಟದ ಕುರಿಯವನಿಗೆ ಸಿದ್ಧಸೈನ್ಯವಿಲ್ಲ. ಹುಲಿ ಆಗಲೇ ತಿರುಗಾಡುತ್ತಿರುವ ಪಟದಲ್ಲಿ ಅವನು ಬರಿಗೈಯಿಂದ ಆರಂಭಿಸಿ, ಹಗೆಯ ಕಣ್ಣೆದುರಿನಲ್ಲಿಯೇ ತನ್ನ ಬಲವನ್ನು ಒಂದೊಂದಾಗಿ ಕೂಡಿಸಿಕೊಳ್ಳಬೇಕು. ಚದುರಂಗದಲ್ಲಿಯೂ ಇಕ್ಕೆಲದ ಬಲ ಸಮನಾಗಿದ್ದು ಮೊದಲೇ ಹೂಡಲ್ಪಟ್ಟಿರುತ್ತದೆ. ಆದುದರಿಂದ ಅಸಮಬಲರ ನಡುವಿನ ಆರಂಭನೀತಿಯನ್ನು ತಿಳಿಯಬೇಕೆನ್ನುವವನು ನೋಡಬೇಕಾದುದು ಅರಮನೆಯ ಚದುರಂಗವನ್ನಲ್ಲ, ಅಗಸಿಯ ಕಟ್ಟೆಯ ಈ ಗೆರೆಗಳನ್ನು ಎಂಬುದು ನಮ್ಮ ಅಭಿಪ್ರಾಯ.

ಹೊಸಬನು ಸಾಮಾನ್ಯವಾಗಿ ಮೊದಲ ಕುರಿಯನ್ನು ಹುಲಿಯ ಬದಿಗೇ ಇಡುತ್ತಾನೆ. ಹುಲಿಯನ್ನು ಕಟ್ಟಿಹಾಕಬೇಕಲ್ಲವೆ, ಅದಕ್ಕೆ ಹತ್ತಿರದಿಂದಲೇ ಮೊದಲುಮಾಡೋಣವೆಂಬುದು ಅವನ ತರ್ಕ. ಹುಲಿಯ ನೇರ ಕೆಳಗಿನ ಮನೆಯಲ್ಲಿ ಕುರಿಯಿಟ್ಟರೆ ಅದರಾಚೆಯ ಮನೆ ಬರಿದಾಗಿಯೇ ಇರುವುದರಿಂದ ಕುರಿ ಮರುನಡೆಗೆ ಹೋಯಿತು. ನಾಲ್ಕೈದು ಕುರಿಗಳು ಹೀಗೆ ಹೋದ ಮೇಲೆ ಉಳಿದವುಗಳಿಂದ ಮೂರು ಹುಲಿಗಳನ್ನು ಕಟ್ಟುವುದು ಬಹಳ ಕಷ್ಟ. ಆಟದ ಸೋಲು ಕೊನೆಯಲ್ಲಿ ಕಾಣಿಸಿಕೊಂಡರೂ ನಿರ್ಧಾರವಾದುದು ಮೊದಲ ಐದಾರು ಕಾಯಿಗಳಲ್ಲಿ.

ಅನುಭವಿಗಳು ಮಾಡುವುದೇ ಬೇರೆ. ಪಟವನ್ನು ಗೆರೆಗೆರೆಯಾಗಿ ಪರೀಕ್ಷಿಸಿದರೆ, ಯಾವ ಗೆರೆಯ ನಡುವಿನಲ್ಲಿಯೂ ಬೀಳದೆ ಗೆರೆಗಳ ತುದಿಗಳಲ್ಲಿಯೇ ಇರುವ ಮನೆಗಳು ಏಳು ಎಂದು ತಿಳಿದುಬರುತ್ತದೆ: ಶಿಖರ, ಪಕ್ಕಗೆರೆಗಳ ನಾಲ್ಕು ತುದಿಗಳು, ತಳಗೆರೆಯ ಎರಡು ತುದಿಗಳು. ಈ ಮನೆಗಳಲ್ಲಿರುವ ಕುರಿಯನ್ನು ಯಾವ ಹುಲಿಯೂ ಎಂದೂ ಹಾರಲಾರದು, ಏಕೆಂದರೆ ಇಳಿಯಲು ಆಚೆಗೆ ಮನೆಯೇ ಇಲ್ಲ. ಶಿಖರದಲ್ಲಿ ಹುಲಿಯೇ ಇರುವುದರಿಂದ ಕುರಿಯವನ ಪಾಲಿಗೆ ಉಳಿಯುವುದು ಆರು. ಮೊದಲ ಕುರಿಗಳು ಅಲ್ಲಿಗೆ ಹೋಗಬೇಕು. ಆಮೇಲಿನ ಕುರಿಗಳಿಗೆ ಒಂದೇ ನಿಯಮ ಸಾಕು: ಕುರಿಯೊಂದರ ಮೂಲಕ ಹಾಯ್ದುಹೋಗುವ ಪ್ರತಿಯೊಂದು ಗೆರೆಯಲ್ಲಿಯೂ ಅದರ ಎರಡು ನೆರೆಗಳಲ್ಲಿ ಒಂದಾದರೂ ಗಟ್ಟಿಯಾಗಿ ನಿಂತ ಕುರಿಯದಾಗಿರಬೇಕು. ಹಾಗಿದ್ದರೆ ಹುಲಿಗೆ ಹಾರುವ ನೆಲೆಯಾಗಲಿ ಇಳಿಯುವ ನೆಲೆಯಾಗಲಿ, ಎರಡರಲ್ಲೊಂದು ತಪ್ಪಿದಂತೆಯೇ.

ಈ ನಿಯಮವನ್ನು ಅನುಸರಿಸಿ ಲೆಕ್ಕ ಹಾಕಿದರೆ ಫಲ ಸ್ವಾರಸ್ಯವಾಗಿದೆ. ಎರಡು ಪಕ್ಕಗೆರೆಗಳ ಆರು ಮನೆಗಳು, ತಳಗೆರೆಯ ನಾಲ್ಕು ಮನೆಗಳು, ಹೀಗೆ ಅಂಚಿನ ಹತ್ತು ಮನೆಗಳನ್ನು ತುದಿಗಳಿಂದ ಮೊದಲುಮಾಡಿ ಒಂದು ಕುರಿಯನ್ನೂ ಬಲಿಗೊಡದೆ ತುಂಬಬಹುದು. ಅವುಗಳ ಬೆಂಬಲದಿಂದ ಮೂರನೆಯ ಅಡ್ಡಗೆರೆಯ ಒಳಗಿನ ನಾಲ್ಕು ಮನೆಗಳು ಹೊರಬದಿಯಿಂದ ಒಳಮುಖವಾಗಿ ತುಂಬುತ್ತವೆ. ಹದಿನಾಲ್ಕಾಯಿತು. ಹದಿನೈದನೆಯದು ಎರಡನೆಯ ಅಡ್ಡಗೆರೆಯ ಹೊರಬದಿಯ ಮನೆಗೆ ನಿರ್ಭಯವಾಗಿ ಏರುತ್ತದೆ. ಆಗ ಮೂರು ಹುಲಿಗಳಿಗೆ ಉಳಿಯುವ ನೆಲ ಮೇಲ್ಭಾಗದ ಎಂಟು ಮನೆಗಳು ಮಾತ್ರ.

ಇಷ್ಟು ಸುಲಭವಾಗಿದ್ದರೆ ಆಟ ಇಷ್ಟು ಕಾಲ ಬದುಕುತ್ತಿರಲಿಲ್ಲ. ಎದುರಾಳಿ ಸುಮ್ಮನೆ ಕುಳಿತಿರುವುದಿಲ್ಲ. ಕುರಿಯವನು ಹದಿನೈದು ಕಾಯಿ ಇಡುವಷ್ಟರಲ್ಲಿ ಹುಲಿಯವನಿಗೂ ಅಷ್ಟೇ ನಡೆಗಳು ದೊರೆಯುತ್ತವೆ. ಜಾಣನಾದ ಹುಲಿಯವನು ಬೇಟೆಗೆ ಹೊರಡುವುದಿಲ್ಲ; ಕುರಿಗಳಿಗೆ ಆಸರೆಯಾಗುವ ತುದಿಮನೆಯಲ್ಲಿ ತಾನೇ ಹೋಗಿ ಕುಳಿತುಬಿಡುತ್ತಾನೆ. ನಡುವಿನ ಹುಲಿ ಎರಡು ನಡೆಗಳಲ್ಲಿ ಪಕ್ಕಗೆರೆಯ ಮೇಲಿನ ತುದಿಯನ್ನೂ ನಾಲ್ಕು ನಡೆಗಳಲ್ಲಿ ತಳದ ತುದಿಯನ್ನೂ ಮುಟ್ಟಬಲ್ಲುದು. ಅದಕ್ಕೆ ಪ್ರತಿಯಾಗಿ ಕುರಿಯವನು ಗಾಬರಿಪಡಬೇಕಾದ ಕಾರಣವಿಲ್ಲ. ಮೇಲಿನ ಮೂಲೆಯನ್ನು ಹುಲಿ ಹಿಡಿದರೂ ಅದೇ ಪಕ್ಕಗೆರೆಯ ಕೆಳಗಿನ ಮೂಲೆಯಲ್ಲಿ ಕುರಿಯಿದ್ದರೆ ನಡುಮನೆಯ ಕುರಿ ಸುರಕ್ಷಿತವೇ. ಅಲ್ಲದೆ ಮೂಲೆಯ ಹುಲಿ ತನ್ನ ಸೆರೆಮನೆಗೆ ತಾನೇ ನಡೆದುಹೋದಂತೆ ಆಗುತ್ತದೆ: ಪಟದ ಒಳಗೆ ಎರಡನೆಯ ಅಡ್ಡಗೆರೆಯ ನಡುವಿನಲ್ಲಿ ನಿಂತ ಹುಲಿಯನ್ನು ಕುರಿಗಳಿಂದಲೇ ಕಟ್ಟಬೇಕಾದರೆ ಎಂಟು ಬೇಕು, ಮೂಲೆಯಲ್ಲಿ ಕುಳಿತುದನ್ನು ಕಟ್ಟಲು ನಾಲ್ಕು ಸಾಕು. ಹದಿನೈದು ಕುರಿಗಳಿಂದ ಮೂರು ಹುಲಿಗಳನ್ನು ಕಟ್ಟಬೇಕಾದವನಿಗೆ ಈ ಲೆಕ್ಕ ಅಲ್ಪವಾದುದಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ. ಕುರಿಗಳನ್ನೆಲ್ಲ ಇಟ್ಟ ಮೇಲೆ ಕುರಿಯವನು ತನ್ನ ಸರದಿಯಲ್ಲಿ ಒಂದು ಕುರಿಯನ್ನು ನಡೆಸಲೇಬೇಕು. ಎಲ್ಲ ಕುರಿಗಳೂ ಒತ್ತಾಗಿ ನಿಂತಿದ್ದರೆ, ನಡೆಸಬಹುದಾದವು ಮುಂದಿನ ಸಾಲಿನವು ಮಾತ್ರ. ಅಲ್ಲಿ ಒಂದು ಕದಲಿದರೆ ಕೋಟೆಯಲ್ಲಿ ಬಿರುಕು. ಆದಕಾರಣ ಬಲ್ಲವರು ಅಂಚಿನಲ್ಲಿ ಒಂದು ಮನೆಯನ್ನು ಬೇಕೆಂದೇ ಬರಿದು ಬಿಡುತ್ತಾರೆ. ಎಡಪಕ್ಕಗೆರೆಯ ನಡುಮನೆಯನ್ನು ಬಿಟ್ಟು, ಅಲ್ಲಿ ಉಳಿದ ಕುರಿಯನ್ನೂ ಹದಿನೈದನೆಯದನ್ನೂ ಎರಡನೆಯ ಅಡ್ಡಗೆರೆಯ ಬಲಭಾಗದಲ್ಲಿ ಹೊರಗಿನಿಂದ ಒಳಕ್ಕೆ ಇಟ್ಟರೆ, ಎಡಮೂಲೆಯ ಕುರಿ ಕೆಳಗಿಳಿದು ಮೇಲೇರುತ್ತ ಎಷ್ಟು ಹೊತ್ತಾದರೂ ಕಾಲಹರಣ ಮಾಡಬಹುದು; ಹುಲಿಯೇ ಬಂದು ಆ ಎಡೆಯನ್ನು ಮುಚ್ಚುವತನಕ ಉಳಿದ ವ್ಯೂಹ ಕದಲಬೇಕಾಗಿಲ್ಲ. ಬಂದು ಮುಚ್ಚುವ ಹುಲಿಯಾದರೋ ಮೂಲೆಗೆ ಸಿಕ್ಕಂತಾಗುತ್ತದೆ. ತುಂಬಬಹುದಾದ ಮನೆಯನ್ನು ತುಂಬದೆ ಬಿಡುವ ಈ ಜಾಣ್ಮೆಯನ್ನು ಯಾವ ಗ್ರಂಥವೂ ಕಲಿಸಿದಂತೆ ಕಾಣುವುದಿಲ್ಲ. ಕಟ್ಟೆಯ ಮೇಲೆ ಸೋತು ಸೋತು ಕಲಿತದ್ದು.

ಈ ನಿಯಮಗಳನ್ನು ಕೈಯಲ್ಲಿ ಹಿಡಿದು ನಮ್ಮ ಜಿಲ್ಲೆಯ ರಾಜಕೀಯ ಇತಿಹಾಸವನ್ನು ನೋಡಬೇಕೆಂಬ ಆಸೆ ಅಧ್ಯಾಪಕರಿಗೆ ಹುಟ್ಟುವುದು ಸಹಜ. ಕಳಚುರಿಗಳ ಕೈಸೇರಿದ್ದ ರಾಜ್ಯವನ್ನು ಚಾಲುಕ್ಯ ವಂಶದ ನಾಲ್ಕನೆಯ ಸೋಮೇಶ್ವರನು ದಂಡನಾಯಕ ಬ್ರಹ್ಮನ ನೆರವಿನಿಂದ 1183-84ರ ಹೊತ್ತಿಗೆ ಮರಳಿ ಪಡೆದನು. ಅಣ್ಣಿಗೇರಿ ಅವನ ರಾಜಧಾನಿಯಾಯಿತು. ಆದರೆ ಐದಾರು ವರ್ಷಗಳಲ್ಲಿ ಉತ್ತರದಿಂದ ಸೇವುಣರ ಐದನೆಯ ಭಿಲ್ಲಮನೂ ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳನೂ ಒತ್ತಿಕೊಂಡು ಬಂದರು. 1189ರ ಸುಮಾರಿಗೆ ಅವನ ಪ್ರಭುತ್ವ ಈ ಸೀಮೆಯಲ್ಲಿ ಮುಗಿಯಿತು. ಆಮೇಲೆ ಗೆದ್ದವರಿಬ್ಬರೇ ಸೊರಟೂರಿನಲ್ಲಿ ಕಾದಾಡಿದರು, ಬಲ್ಲಾಳನು ಗೆದ್ದನು. ನಡುಮನೆಯನ್ನು ಹಿಡಿದು ತುದಿಮನೆಗಳನ್ನು ಹಿಡಿಯದವನ ಆಟದಂತೆ ಇದು ತೋರುತ್ತದೆ. ಬಯಲುಸೀಮೆಯ ಅಣ್ಣಿಗೇರಿಗೆ ಬೆನ್ನಿಗೆ ಬೆಟ್ಟವಿಲ್ಲ, ಹೊಳೆಯಿಲ್ಲ.

ನವಲಗುಂದಕ್ಕೆ ನೆರೆಯ ನರಗುಂದದ ಪ್ರಸಂಗ ಇನ್ನೂ ಸಮೀಪವಾಗಿ ಹೋಲುತ್ತದೆ. ಟಿಪ್ಪು ಸುಲ್ತಾನನು ಹೆಚ್ಚಿನ ಪೊಗದಿಯನ್ನು ಕೇಳಿದಾಗ ಅಲ್ಲಿಯ ವೆಂಕಟರಾವ್ ಭಾವೆಯೂ ಅವನ ಮಂತ್ರಿ ಕಾಳೋಪಂತ ಪೇಠೆಯೂ ಪುಣೆಯ ಬೆಂಬಲವನ್ನು ನೆಚ್ಚಿ ಎದುರು ನಿಂತರು. 1785ರಲ್ಲಿ ಬುರ್ಹಾನುದ್ದೀನನು ಗುಡ್ಡದ ಕೋಟೆಯನ್ನು ಮುತ್ತಿದನು. ಪುಣೆಯಿಂದ ಪರಶುರಾಮ ಭಾವು ದಂಡು ತಂದರೂ ಕೋಟೆ ಉಳಿಯಲಿಲ್ಲ. ಒಡೆಯನೂ ಮಂತ್ರಿಯೂ ಸೆರೆಯಾಗಿ ಕಬ್ಬಾಳದುರ್ಗಕ್ಕೆ ಹೋದರು. ನರಗುಂದದ ಕುರಿಗೆ ಆಸರೆಯ ಕುರಿ ಇತ್ತು. ಆದರೆ ಅದು ನೆರೆಮನೆಯಲ್ಲಿರಲಿಲ್ಲ. ಬೆಂಬಲವೆಂಬುದು ಎಷ್ಟೇ ದೊಡ್ಡದಿರಲಿ, ಪಕ್ಕದ ಮನೆಯಲ್ಲಿಲ್ಲದಿದ್ದರೆ ಲೆಕ್ಕಕ್ಕಿಲ್ಲವೆಂಬುದನ್ನು ಪಟದ ಮೇಲೆ ಹತ್ತು ವರ್ಷದ ಹುಡುಗನೂ ಬಲ್ಲ.

ಇಂಥ ಹೋಲಿಕೆಗಳನ್ನು ತರಗತಿಯಲ್ಲಿ ವಿಷಯವನ್ನು ಬಿಡಿಸಿ ಹೇಳಲು ಬಳಸಬಹುದೇ ಹೊರತು ಪ್ರಮಾಣವಾಗಿ ಬಳಸಲಾಗದು. ಸೋಮೇಶ್ವರನ ಪತನಕ್ಕೆ ಸಾಮಂತರ ನಿಷ್ಠಾಂತರ ಮೊದಲಾದ ಕಾರಣಗಳುಂಟು. ಪಟದ ಮೇಲಿನ ಕುರಿ ಹುಲಿಯ ಪಕ್ಷಕ್ಕೆ ಸೇರುವುದಿಲ್ಲ, ಸಾಮಂತನು ಸೇರುತ್ತಾನೆ.

ಈಗ ಗಣಕಯಂತ್ರದ ಮಾತು. ಚದುರಂಗವಾಡುವ ಯಂತ್ರವನ್ನು ರೂಪಿಸುವ ಬಗೆಯನ್ನು ಕ್ಲಾಡ್ ಶಾನನ್ 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವೇಚಿಸಿದನು. ಹತ್ತು ವರ್ಷಗಳೊಳಗೆ ಯಾವ ಯಂತ್ರವೂ ತನ್ನನ್ನು ಸೋಲಿಸಲಾರದೆಂದು 1968ರಲ್ಲಿ ಪಣ ಕಟ್ಟಿದ್ದ ಡೇವಿಡ್ ಲೆವಿ, 1978ರಲ್ಲಿ ‘ಚೆಸ್ 4.7’ ಎಂಬ ಯಂತ್ರಕ್ರಮವನ್ನು ಸೋಲಿಸಿ ಪಣವನ್ನು ಗೆದ್ದನು. ಹೊಡೆದಾಟಕ್ಕೆ ಎಡೆಗೊಡದೆ, ಆರಂಭದಲ್ಲಿ ಶಾಂತವಾಗಿ ಕಾಯಿಗಳನ್ನು ಹೂಡಿಕೊಳ್ಳುವುದು ಅವನ ನೀತಿಯಾಗಿತ್ತು. 1997ರ ಮೇ ತಿಂಗಳಲ್ಲಿ ‘ಡೀಪ್ ಬ್ಲೂ’ ಯಂತ್ರದೆದುರು ಕ್ಯಾಸ್ಪರೋವನು ಮೊದಲ ಆಟವನ್ನು ಅಂಥದೇ ಶಾಂತ ಆರಂಭದಿಂದ ಗೆದ್ದನಾದರೂ ಒಟ್ಟಿನಲ್ಲಿ ಎರಡೂವರೆಗೆ ಮೂರೂವರೆಯಂತೆ ಸೋತನು. ನಮ್ಮ ಆಟದ ನೇಪಾಳಿ ಸೋದರವಾದ ‘ಬಾಘ್ ಚಾಲ್’, ಎಂದರೆ 25 ಮನೆ, 4 ಹುಲಿ, 20 ಆಡುಗಳ ಆಟವನ್ನು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಗಣಕಯಂತ್ರದಿಂದ ಪೂರ್ಣವಾಗಿ ಶೋಧಿಸಿದ್ದಾರೆ. ಇಬ್ಬರೂ ತಪ್ಪದೆ ಆಡಿದರೆ ಆ ಆಟ ಸಮವಾಗಿ ಮುಗಿಯುವುದೆಂಬುದು ಅವರ ನಿರ್ಣಯ. ಹುಲಿಯೇ ಬಲಿಷ್ಠವೆಂಬ ಲೋಕರೂಢಿಯ ನಂಬಿಕೆಗೆ, ಕನಿಷ್ಠಪಕ್ಷ ಆ ಪಟದ ಮಟ್ಟಿಗೆ, ಆಧಾರವಿಲ್ಲವೆಂದಾಯಿತು.

ವಿದ್ಯಾರ್ಥಿಗಳು ಇಂದು ಆಡುವ ಕಲ್ಪಿತ ರಾಜ್ಯಗಳ ಆಟಗಳಲ್ಲಿ, 1994ರ ‘ಮಾಸ್ಟರ್ ಆಫ್ ಮ್ಯಾಜಿಕ್’ ಮೊದಲಾದವುಗಳ ಪರಂಪರೆಯಲ್ಲಿ, ಕಠಿಣತೆಯ ಮಟ್ಟವನ್ನು ಏರಿಸಿದಾಗ ಯಂತ್ರದ ಬುದ್ಧಿ ಅಷ್ಟಾಗಿ ಏರುವುದಿಲ್ಲ. ಅದಕ್ಕೆ ಹೆಚ್ಚಿನ ಸಂಪತ್ತನ್ನು ದಾನವಾಗಿ ಕೊಟ್ಟಿರುತ್ತಾರೆ. ಎಂದರೆ ಮನುಷ್ಯನು ಅಲ್ಲಿ ಬೇಕೆಂದೇ ಕುರಿಯ ಪಕ್ಷವನ್ನು ವಹಿಸಿಕೊಂಡಿರುತ್ತಾನೆ. ಆದರೆ ಆಡುವುದು ಮಾತ್ರ ಸಮಬಲರ ಚದುರಂಗದಂತೆ: ಮೊದಲ ನಡೆಗಳಲ್ಲಿಯೇ ಬಯಲಿಗೆ ಇಳಿದು ಯಂತ್ರದ ಸೈನ್ಯವನ್ನು ಕೆಣಕುವುದು, ಪಟ್ಟಣಗಳನ್ನು ಒಂದಕ್ಕೊಂದು ಆಸರೆಯಾಗದಷ್ಟು ದೂರದೂರ ಕಟ್ಟುವುದು. ಯಂತ್ರದ ಹುಲಿ ತಪ್ಪು ಲೆಕ್ಕ ಹಾಕುವುದು ಅಪರೂಪ; ಒಂಟಿಯಾಗಿ ನಿಂತುದನ್ನು ಅದು ಬಿಡುವುದೂ ಇಲ್ಲ. ತುದಿಮನೆ ಮೊದಲು, ಆಮೇಲೆ ನೆರೆಮನೆ, ಒಂದು ಬರಿಮನೆ ಕೈಯಲ್ಲಿ ಎಂಬ ಕ್ರಮವನ್ನು ಕುರಿಗಾಯುವ ಹುಡುಗರು ಬಲ್ಲರು, ಪದವಿಗೆ ಓದುವ ಹುಡುಗರು ಅರಿಯರು. ಇದನ್ನು ಪರಿಹಾಸ್ಯಕ್ಕೆ ಹೇಳುತ್ತಿಲ್ಲ.

ಕುರಿಗಾಯುವ ಹುಡುಗರ ಈ ತಿಳಿವಳಿಕೆಗೆ ಕಲ್ಲಿನ ಪಟವಲ್ಲದೆ ಬೇರೆ ದಾಖಲೆಯಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಹಾಸುಗಲ್ಲನ್ನು ಕಿತ್ತು ನಯಗಲ್ಲು ಹಾಸುವ ಕಾಲವಿದು. ಶಾಸನವಿದ್ದ ಕಲ್ಲನ್ನಾದರೂ ಯಾರಾದರೊಬ್ಬರು ಎತ್ತಿಡುವರು. ಹುಲಿಮನೆಯ ಕಲ್ಲು ಮೋರಿಯ ಮುಚ್ಚಳವಾಗುವುದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಈ ನಾಲ್ಕು ತಾಲೂಕುಗಳ ಕಾಲೇಜುಗಳ ಅಧ್ಯಾಪಕರು ತಂತಮ್ಮ ಊರಿನ ಪಟಗಳನ್ನು ರಜೆಯ ದಿನಗಳಲ್ಲಿ ದಾಖಲಿಸುವುದು ಅಸಾಧ್ಯವಾದ ಕೆಲಸವಲ್ಲ. ಪಟದ ಉದ್ದಗಲ, ಗೆರೆಯ ಆಳ, ಮನೆಗಳ ಸಂಖ್ಯೆ, ಶಿಖರವು ಯಾವ ದಿಕ್ಕಿಗಿದೆಯೆಂಬುದು, ಕಲ್ಲು ಮೂಲಸ್ಥಾನದಲ್ಲಿಯೇ ಇದೆಯೋ ಇಲ್ಲವೋ ಎಂಬುದು, ಗೋಡೆ ಕಂಬಗಳು ಪಟವನ್ನು ಎಲ್ಲಿಯಾದರೂ ಕತ್ತರಿಸಿವೆಯೇ ಎಂಬುದು, ಇಷ್ಟನ್ನು ಬರೆದುಕೊಳ್ಳಬೇಕು. ಪಟದ ಮೇಲೆ ತೆಳುಗಾಗದವನ್ನು ಹರಡಿ ಇದ್ದಿಲಿನಿಂದ ತಿಕ್ಕಿದರೆ ಗೆರೆಗಳು ಬಿಳಿಯಾಗಿ ಮೂಡುತ್ತವೆ. ಊರಿನ ಹಿರಿಯರಿಂದ ಹುಲಿ-ಕುರಿಗಳ ಸಂಖ್ಯೆಯನ್ನೂ ಹುಲಿಗಳನ್ನು ಮೊದಲು ಇಡುವ ಮನೆಗಳನ್ನೂ ಕೇಳಿ ಬರೆಯುವಾಗ, ಅವರು ಮೊದಲ ಮೂರು ಕುರಿಗಳನ್ನು ಎಲ್ಲಿಡುವರೆಂಬುದನ್ನೂ ತಪ್ಪದೆ ಕೇಳಬೇಕು.